ನಾಲಿಗೆಯ ತೂಕ

ಡೆಲ್ಬರ್ಟ್ ಹೌಗನ್‌ನ ಪಿಕಪ್ ಟ್ರಕ್ಕು ಆ ಶನಿವಾರ ಬೆಳಿಗ್ಗೆ, ಇಡೀ ಬೀದಿ ನೋಡುತ್ತಿರುವಾಗಲೇ, ನಾಯಿಯ ಹಾಗೆ ಹಿಂಗಾಲು ಮಡಚಿ ಕೂತುಬಿಟ್ಟಿತು! ಹೊಸ ಟ್ರೇಲರ್ ಮನೆಯನ್ನು ಹಿಂದಕ್ಕೆ ಸಿಕ್ಕಿಸಿದ್ದೇ ತಡ, ಬಾಲ ನೆಲಕ್ಕೆ, ಮೂತಿ ಆಕಾಶಕ್ಕೆ. ಹತ್ತಡಿ ಹೋಗುವಷ್ಟರಲ್ಲಿ ಟ್ರೇಲರಿನ ಅಂಚು ತಾಗಿ ಅವರದೇ ಅಂಚೆಪೆಟ್ಟಿಗೆ ಅಂಗಾತ ಮಲಗಿತು.

"ಏನೂ ಆಗಿಲ್ಲ!" ಎಂದು ಡೆಲ್ಬರ್ಟ್ ಗುಡುಗಿದ.

"ನಿನಗೇನೂ ಆಗಿಲ್ಲ. ಪೆಟ್ಟಿಗೆಯನ್ನ ಕೇಳು," ಎಂದಳು ಹೆಂಡತಿ ಮಾರ್ಲಿಸ್.

ಆಕೆಯ ಸಿಟ್ಟಿಗೆ ಕಾರಣವಿತ್ತು. ಮಧ್ಯಾಹ್ನ ಕೆರೆದಂಡೆಯ ಮೈದಾನದಲ್ಲಿ ಅವಳ ತಾಯಿಯ ತೊಂಬತ್ತನೇ ಹುಟ್ಟುಹಬ್ಬ, ರಾತ್ರಿ ಅಲ್ಲೇ ಟ್ರೇಲರಿನಲ್ಲಿ ತಂಗುವುದು. ಡೆಲ್ಬರ್ಟನ ಸಿಟ್ಟಿಗೂ ಕಾರಣವಿತ್ತು: ವೆಂಡಲ್. ಈ ಷಡ್ಡಕ ಮಹಾಶಯ ಎಲ್ಲರೆದುರು, "ನಿನ್ನ ಟ್ರಕ್ಕು ಅದನ್ನ ಎಳೆಯೋದಿಲ್ಲ. ಸುಮ್ಮನೆ ನನ್ನ ಗಾಡಿಯಲ್ಲಿ ಬಾ" ಎಂದಿದ್ದ. "ನಿನ್ನ ಮನೆಗೆ ಹಗ್ಗ ಕಟ್ಟು, ಅದನ್ನೂ ಎಳೀತೀನಿ! ನಿನ್ನ ಗಾಡಿಗೆ ಹೆಣವಾಗಿಯೂ ಹತ್ತೋದಿಲ್ಲ!" ಎಂದು ಡೆಲ್ಬರ್ಟ್ ಶಪಥ ಮಾಡಿದ್ದ. ಟ್ರಕ್ಕಿನ ಎಳೆಯುವ ಶಕ್ತಿ ಏಳೂವರೆ ಸಾವಿರ ಪೌಂಡು ಎಂದು ಜಾಹೀರಾತೇ ಹೇಳಿತ್ತು. ಟ್ರೇಲರ್ ಆರು ಸಾವಿರವೂ ಇಲ್ಲ. ಇನ್ನೇನು ಬೇಕು?

ಮಾರ್ಲಿಸ್ ಚಾಲಕನ ಬಾಗಿಲು ತೆರೆದು, ಅಂಚಿನಲ್ಲಿ ಅಂಟಿಸಿದ್ದ ಚೀಟಿಯನ್ನು ಓದಿದಳು. ಆರು ವರ್ಷಗಳಿಂದ ಡೆಲ್ಬರ್ಟ್ ಪ್ರತಿ ಭಾನುವಾರ ಅದನ್ನು ಬಟ್ಟೆಯಿಂದ ಒರೆಸಿದ್ದ. ಓದಿರಲಿಲ್ಲ.

"ಎಳೆಯೋದು ಬೇರೆ, ಹೊರೋದು ಬೇರೆ ಅಂತೆ. ಈ ಟ್ರಕ್ಕು ಹೊರೋದು ಸಾವಿರದ ಮುನ್ನೂರು ಪೌಂಡು ಮಾತ್ರ. ನಾವು, ಸಾಮಾನು, ಟ್ರೇಲರಿನ ನಾಲಿಗೆ, ಎಲ್ಲಾ ಸೇರಿ."

ಟ್ರಕ್ಕಿನ ಬೆನ್ನ ಮೇಲೆ ಬಂದು ಕೂರುವ ಟ್ರೇಲರಿನ ಮುಂತುದಿಗೆ ಆ ಕಡೆಯವರು ನಾಲಿಗೆ ಎನ್ನುತ್ತಾರೆ.

"ನಾಲಿಗೆಯೇ ಏಳುನೂರು ಪೌಂಡು," ಎಂದು ಡೆಲ್ಬರ್ಟ್ ಗೊಣಗಿದ.

"ಅಬ್ಬಾ! ಟ್ರೇಲರಿನ ನಾಲಿಗೆಗಾದರೂ ಅಷ್ಟು ತೂಕ ಇದೆ. ನಿನ್ನದಕ್ಕೆ ತೂಕವೇ ಇಲ್ಲ!"

ಉಳಿದದ್ದು ಆರುನೂರು. ಸೌದೆ ಇಳಿಯಿತು, ಸಲಕರಣೆ ಪೆಟ್ಟಿಗೆ ಇಳಿಯಿತು, ಡೆಲ್ಬರ್ಟನ ಪ್ರಾಣವಾದ ಮಾಂಸ ಸುಡುವ ಒಲೆಯೂ ಇಳಿಯಿತು. ಟ್ರೇಲರಿನ ಬಾಗಿಲಲ್ಲಿ ತೂರದ, ಅತ್ತೆಗೆಂದು ಕೊಂಡ ಉಡುಗೊರೆಯ ತೂಗುಕುರ್ಚಿ ಮತ್ತು ಕೇಕಿನ ಪೆಟ್ಟಿಗೆ ಎಂಬತ್ತು ಪೌಂಡು. ನಾಯಿ ಮೂಸ್ ಎಂಬತ್ತು. ಅದು ಹೆಸರಿಗೆ ತಕ್ಕಂತೆ ಕೇಕನ್ನೇ ಮೂಸುತ್ತ ನಿಂತಿತ್ತು. ಮಗಳು ಬ್ರಿಟ್ಟಾ ನೂರ ಇಪ್ಪತ್ತು.

"ನಿನ್ನ ತೂಕ?" ಎಂದ ಡೆಲ್ಬರ್ಟ್, ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಯಾವ ಗಂಡನೂ ಇಡಬಾರದ ಹೆಜ್ಜೆ ಇಡುತ್ತ.

"ನೂರ ನಲವತ್ತು."

"ನಿಜ ಹೇಳು! ಇದು ಸುರಕ್ಷತೆಯ ಪ್ರಶ್ನೆ!"

"ನೂರ. ನಲವತ್ತು. ನಿನ್ನದು?"

ಡೆಲ್ಬರ್ಟ್, ಆ ಕಡೆ ತೂಕವನ್ನೂ ನಮೂದಿಸುವ ತನ್ನ ಚಾಲನಾ ಪರವಾನಗಿಯನ್ನು ಸರ್ಕಾರಿ ಮೊಹರಿನಷ್ಟು ಗಂಭೀರವಾಗಿ ಎತ್ತಿ ಹಿಡಿದ. "ಇಲ್ಲೇ ಬರೆದಿದೆ. ನೂರ ಎಂಬತ್ತು!" ಲೆಕ್ಕ ಆರುನೂರಕ್ಕೆ ಸರಿಯಾಗಿ ಕೂತಿತು. ಟ್ರಕ್ಕು ಎದ್ದು ನಿಂತಿತು.

ಖಾತ್ರಿಗೆಂದು ಹೆದ್ದಾರಿಯ ಲಾರಿ ತಂಗುದಾಣದಲ್ಲಿ ವಾಹನ ತೂಗುವ ಕಟ್ಟೆಯ ಮೇಲೆ ಗಾಡಿ ಹತ್ತಿಸಿದರು. ಧ್ವನಿವರ್ಧಕದಲ್ಲಿ ಒಬ್ಬ ಹೆಂಗಸು ಅಂಕಿ ಹೇಳಿದಳು. ಬ್ರಿಟ್ಟಾ ಫೋನಿನಲ್ಲಿ ಕೂಡಿ ಕಳೆದು ಲೆಕ್ಕ ಹಾಕಿ, "ಅಪ್ಪಾ, ಎಂಬತ್ತು ಪೌಂಡು ಜಾಸ್ತಿ," ಎಂದಳು.

ಡೆಲ್ಬರ್ಟ್ ಕೆಂಡವಾದ. "ಯಾರೋ ಸುಳ್ಳು ಹೇಳಿದ್ದೀರಿ! ನಾನು ಹೆಸರು ಹೇಳೋದಿಲ್ಲ, ಮಾರ್ಲಿಸ್!"

ಮಾರ್ಲಿಸ್ ಬಾಗಿಲು ಬಡಿದು ಇಳಿದಳು. "ಅಕ್ಕಾ, ಈಗ ಎಷ್ಟು ಕಮ್ಮಿಯಾಯ್ತು?"

"ನೂರ ನಲವತ್ತು ಕಣಮ್ಮಾ."

ಬ್ರಿಟ್ಟಾ ಇಳಿದಳು. "ನೂರ ಇಪ್ಪತ್ತು." ಮೂಸನ್ನು ಇಳಿಸಿದರು. "ಎಂಬತ್ತು." ಹಿಂದೆ ಲಾರಿಗಳು ಸಾಲುಗಟ್ಟಿದವು. ಒಬ್ಬ ಚಾಲಕ ಹಾರನ್ ಒತ್ತಿದ, ಇನ್ನೊಬ್ಬ ತಿಂಡಿ ಪೊಟ್ಟಣ ಬಿಚ್ಚಿ ಆರಾಮವಾಗಿ ನೋಡತೊಡಗಿದ.

"ನೀನೂ ಇಳಿಯಪ್ಪಾ," ಎಂದಿತು ಧ್ವನಿವರ್ಧಕ.

"ನಾನ್ಯಾಕೆ? ನನ್ನದು ಸರ್ಕಾರವೇ ಬರೆದುಕೊಟ್ಟದ್ದು!"

"ಇಳಿ, ಡೆಲ್ಬರ್ಟ್," ಎಂದಳು ಮಾರ್ಲಿಸ್, ತೀರಾ ಮೆಲ್ಲಗೆ. ಅವನು ಇಳಿದ.

"ಇನ್ನೂರ ಅರವತ್ತು!" ಧ್ವನಿವರ್ಧಕದ ಸದ್ದು ಪೆಟ್ರೋಲ್ ಪಂಪಿನವರೆಗೂ ಕೇಳಿಸಿತು.

ಆ ನೂರ ಎಂಬತ್ತನ್ನು ಡೆಲ್ಬರ್ಟ್ ಬರೆಸಿದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಫುಟ್‌ಬಾಲ್ ಆಡುತ್ತಿದ್ದ ಕಾಲದಲ್ಲಿ. ಆಮೇಲೆ ಪ್ರತಿ ನವೀಕರಣದಲ್ಲೂ "ಬದಲಾವಣೆ ಇಲ್ಲ" ಎಂದೇ ಗುರುತು ಹಾಕಿದ್ದ. ಪರವಾನಗಿ ನವೀಕರಣವಾಗಿತ್ತು, ಅವನು ವಿಸ್ತರಣೆಯಾಗಿದ್ದ!

"ಕುರ್ಚಿ ಇಳಿಸೋಣ," ಎಂದ, ಕ್ಷೀಣವಾಗಿ.

"ಅಮ್ಮನ ಕುರ್ಚಿ ಮುಟ್ಟಿದರೆ ನೋಡು! ಅದು ಬಾಯಿಮುಚ್ಚಿಕೊಂಡು ಕೂತಿದೆ, ನನ್ನ ಮೇಲೆ ಸುಳ್ಳಿನ ಆರೋಪ ಹೊರಿಸಿಲ್ಲ."

"ಹಾಗಾದರೆ ಮೂಸ್..."

"ಅದು ತನ್ನ ತೂಕ ಮುಚ್ಚಿಟ್ಟಿಲ್ಲ." ಮಾರ್ಲಿಸ್ ಕೈ ಚಾಚಿದಳು. "ಬೀಗದಕೈ ಕೊಡು."

ಐದು ನಿಮಿಷದ ನಂತರ ಟ್ರಕ್ಕು ಟ್ರೇಲರನ್ನು ರಾಜಗಾಂಭೀರ್ಯದಿಂದ ಎಳೆಯುತ್ತ ಹೆದ್ದಾರಿ ಸೇರಿತು. ಮುಂದಿನ ಸೀಟಿನಲ್ಲಿ ಮೂಸ್ ಕಿಟಕಿಯಿಂದ ಕಿವಿ ಹಾರಿಸುತ್ತಿತ್ತು. ಪಂಪಿನ ಬಳಿ ನಿಂತಿದ್ದ ಡೆಲ್ಬರ್ಟನ ಪಕ್ಕಕ್ಕೆ ಒಂದು ಪರಿಚಿತ ಗಾಡಿ ಬಂದು ನಿಂತಿತು, ಗಾಜು ಇಳಿಯಿತು. ವೆಂಡಲ್!

"ಏನಪ್ಪಾ ಡೆಲ್ಬರ್ಟ್! ಅಲ್ಲಿ ಹೋಗ್ತಾ ಇರೋದು ನಿನ್ನ ಟ್ರಕ್ಕೇ ಅಲ್ವಾ? ಅಯ್ಯೋ, ಎಷ್ಟು ಚೆನ್ನಾಗಿ ಎಳೀತಾ ಇದೆ! ಹೆಚ್ಚಿನ ಭಾರ ಏನಾದರೂ ಇಳಿಸಿದಿರಾ?"

ಡೆಲ್ಬರ್ಟ್ ಹಿಂದಿನ ಬಾಗಿಲು ತೆರೆದು, ಉಸಿರು ಬಿಗಿಹಿಡಿದು ಒಳಗೆ ತೂರಿಕೊಂಡ.

"ಹೂಂ. ನನ್ನನ್ನ."