ಗೂಳಪ್ಪನ ಉಳಿಗೆ ಹುಣಸೆಹಣ್ಣು

"ಹುಡುಗನ ಮಾರಿ ಆಮ್ಯಾಲೆ ನೋಡ್ತೀನಿ, ಮೊದಲ ಅವನ ಹತ್ಯಾರ ತೋರಸ್ರಿ" ಎಂದು ಕಟ್ಟಿಗೆ ವಖಾರಿಯ ಈರಬಸಪ್ಪನವರು ಹೇಳಿಕಳಿಸಿದ್ದೇ ತಡ, ಬಡಗಿ ಗೂಳಪ್ಪ ಓಡಿಹೋಗಿ ತನ್ನ ಗೋಣಿಚೀಲ ಬಿಚ್ಚಿ ನೋಡಿದ. ಮಳೆಗಾಲವಿಡೀ ಕೆಲಸವಿರಲಿಲ್ಲ. ಬುಧವಾರ ಪೇಟೆಯಲ್ಲಿ ಅವನು ಬಾಡಿಗೆಗಿದ್ದ ಸೋರುವ ವಾಡೆಯ ಖೋಲಿಯಲ್ಲಿ ಆ ಚೀಲದೊಳಗೆ ಬಿದ್ದಿದ್ದ ಉಳಿ, ಬಾಚಿಗಳಿಗೆಲ್ಲ ತುಕ್ಕು ಹಿಡಿದಿತ್ತು. ಗರಗಸವಂತೂ ಸೀದ ರೊಟ್ಟಿಯ ಹಾಗಿತ್ತು. ಈರಬಸಪ್ಪನವರು ಬರುವುದು ಅಂದೇ ಸಂಜೆ! ಅವರ ಮಗಳು ಚನ್ನಬಸವ್ವನನ್ನು ಒಂದು ಮದುವೆಯಲ್ಲಿ ಕಂಡಾಗಿನಿಂದ ಗೂಳಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಸಂಬಂಧ ಕುದುರಿಸಿದ್ದ ನೆರೆಮನೆಯ ಕಾಶವ್ವ ವರ್ಷದ ಹುಣಸೆಹಣ್ಣಿನ ಗಡಿಗೆಯನ್ನೇ ತಂದು ಕುಕ್ಕಿದಳು.

"ಅಳ್ತೀ ಯಾಕೋ? ನೆನಿ ಹಾಕು, ತಿಕ್ಕು!"

ಗೂಳಪ್ಪ ತೆಂಗಿನ ನಾರು ಹಿಡಿದು ತಿಕ್ಕಿದ. ಉಳಿಯ ತುದಿ ಬೆಳ್ಳಗೆ ಮಿಂಚಿತು. "ಹೊಳೀಲಿಕತ್ತದ ಚಿಗವ್ವಾ, ಹೊಳೀಲಿಕತ್ತದ!" ಎಂದು ಕುಣಿದೇಬಿಟ್ಟ.

ಅಷ್ಟರಲ್ಲಿ ಎದುರು ಖೋಲಿಯ ಮಹಾಲಿಂಗ ಬಂದ. ಅವನೂ ಬಡಗಿಯೇ, ಆದರೆ ಉಳಿಗಿಂತ ನಾಲಗೆಯನ್ನೇ ಹೆಚ್ಚು ಆಡಿಸುವವನು.

"ಬರೇ ಹುಣಸಿಹಣ್ಣಿಲೆ ಏನಾಗ್ತದೋ? ಅಳಲೆಕಾಯಿ ಹಾಕಬೇಕು!" ಎಂದವನೇ ಎರಡು ಮುಷ್ಟಿ ಪುಡಿ ಸುರಿದು, ಮೊಣಕೈತನಕ ಕೈಬಿಟ್ಟು ಕಲಸಿದ. ಅಳಲೆಕಾಯಿಗೆ ಕಬ್ಬಿಣ ಕೂಡಿದರೆ ಮಸಿಯಾಗುತ್ತದೆಂದು ಶಾಲೆಯ ಹುಡುಗರಿಗೂ ಗೊತ್ತು. ಮಹಾಲಿಂಗನಿಗೆ ಗೊತ್ತಿರಲಿಲ್ಲ. ನೋಡನೋಡುತ್ತ ನೀರು ಕಪ್ಪಾಯಿತು, ಹತ್ಯಾರಗಳು ಕಪ್ಪಾದವು, ಇಬ್ಬರ ಕೈಗಳೂ ಕಪ್ಪಾದವು.

"ಮುಗೀತು, ನನ್ನ ಲಗ್ನ ಮುಗೀತು!" ಗೂಳಪ್ಪ ಅಳುವುದೊಂದೇ ಬಾಕಿ.

ಮಹಾಲಿಂಗ ಮೆಲ್ಲಗೆ ತನ್ನ ಖೋಲಿಗೆ ಜಾರಿಕೊಂಡ. ಕಾಶವ್ವ ಓಡಿಹೋಗಿ ಸೆರಗಿನ ತುಂಬ ನಿಂಬೆಹಣ್ಣು ತಂದಳು. ಗೂಳಪ್ಪ ಮತ್ತೆ ಮೊದಲಿನಿಂದ ತಿಕ್ಕಿದ. ಬೆವರಿಳಿಯಿತು, ಬೆರಳು ಉರಿಯಿತು, ಕೊನೆಗೂ ಹತ್ಯಾರ ಥಳಥಳಿಸಿತು! ನಿಂಬೆಹುಳಿಗೆ ಅವನ ಕೈಗಳೂ ಬೆಳ್ಳಗಾದವು. ಕಾಶವ್ವ ಅಷ್ಟಕ್ಕೇ ಬಿಡಲಿಲ್ಲ. "ಮಾವನ ಮುಂದ ಕೈ ಛಂದ ಇರಬೇಕೋ" ಎಂದು ಕೊಬ್ಬರಿ ಎಣ್ಣೆಯನ್ನೂ ತಿಕ್ಕಿದಳು.

ಟಾಂಗಾ ಬಂತು. ಈರಬಸಪ್ಪನವರು ಗರಗಸದಲ್ಲಿ ತಮ್ಮದೇ ಮೀಸೆ ಕಂಡು ಹಿಗ್ಗಿದರು.

"ಭೇಷ್! ಹತ್ಯಾರ ಹಿಂಗ ಇಟ್ಟಾವಗ ಮಗಳನ್ನ ಕಣ್ಣು ಮುಚ್ಚಿ ಕೊಡಬಹುದು. ಎಲ್ಲಿ, ಕೈ ತೋರಸು."

ಗೂಳಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಹೆಮ್ಮೆಯಿಂದ ಎರಡೂ ಕೈ ಚಾಚಿದ. ಈರಬಸಪ್ಪನವರು ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು.

"ಇಷ್ಟು ಬೆಳ್ಳಗ, ಮೆತ್ತಗ? ಇದು ಕಾರಕೂನನ ಕೈ. ಹತ್ಯಾರ ತಿಕ್ಕಿದಾವ ಯಾರು?"

"ನಾನ ರೀ! ಮುಂಜಾನಿಂದ ನಾನ ತಿಕ್ಕೀನ್ರಿ!"

ಅವರಿಗೆ ಅದು ಕೇಳಿಸಲೇ ಇಲ್ಲ. ಬೀಗರಿಗೆಂದು ಮಾಡಿದ್ದ ಉಪ್ಪಿಟ್ಟಿನ ವಾಸನೆ ಹಿಡಿದು ಬಾಗಿಲಲ್ಲಿ ಇಣುಕುತ್ತಿದ್ದ ಮಹಾಲಿಂಗನ ಮೊಣಕೈತನಕದ ಮಸಿಯ ಮೇಲೆ ಅವರ ಕಣ್ಣು ನೆಟ್ಟಿತ್ತು. ಎದ್ದುಹೋಗಿ, ಭುಜ ಹಿಡಿದು ಕರೆತಂದು ಚಾಪೆಯ ಮೇಲೆ ಕೂರಿಸಿಕೊಂಡರು.

"ಲಗ್ನ ಆಗೇದೇನಪಾ ನಿಂದು?"

"ಇನ್ನೂ ಇಲ್ರಿ, ಮಾವಾರ" ಎಂದ ಮಹಾಲಿಂಗ.