ಮಣಿನಗರದ ನೀರು ಬರೋಡಾಕ್ಕೆ ಹೋಗಿ ಬಂದದ್ದು

ವಿಜ್ಞಾನ ಓದುವ ಮಗಳು, ಮಡಿ ಮಾಡುವ ಅತ್ತೆ ಇಬ್ಬರೂ ಒಂದೇ ನಲ್ಲಿಯ ನೀರು ಹಿಡಿಯುವ ಮನೆಯಲ್ಲಿ ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಬಾಗಿಲು ತಟ್ಟಿಕೊಂಡು ಬರುತ್ತದೆ. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿದವಳು. ನಡೆದದ್ದನ್ನು ತಾರೀಖು, ಗಂಟೆ ಸಮೇತ ಬರೆದಿಡುವ ಅಭ್ಯಾಸ ಅಲ್ಲಿಂದ ಬಂದದ್ದು. ಇಲ್ಲಿ ಹೇಳುವುದೆಲ್ಲ ಆ ನೋಟುಬುಕ್ಕಿನಲ್ಲಿದೆ. ಅನುಮಾನವಿದ್ದವರು ಬಂದು ನೋಡಬಹುದು.

ಅರವತ್ತರ ದಶಕ. ಯಜಮಾನರಿಗೆ ರೈಲ್ವೆಯಲ್ಲಿ ಅಹಮದಾಬಾದಿಗೆ ವರ್ಗವಾಗಿ ನಾವು ಮಣಿನಗರದಲ್ಲಿದ್ದೆವು. ಮಳೆಗಾಲದಲ್ಲಿ ನಲ್ಲಿ ನೀರು ಚಹಾದ ಬಣ್ಣದಲ್ಲಿ ಬರುತ್ತಿತ್ತು. ಮಗಳ ಕಾಲೇಜಿನ ಪ್ರೊಫೆಸರು, "ಪ್ರತಿಯೊಬ್ಬರೂ ಒಂದು ಪ್ರಯೋಗ ಮಾಡಿ. ಎಲ್ಲಕ್ಕಿಂತ ಚೆನ್ನಾಗಿರುವುದು ಬರೋಡಾದ ವಸ್ತುಪ್ರದರ್ಶನಕ್ಕೆ ಹೋಗುತ್ತದೆ" ಎಂದಿದ್ದರು. ತರಗತಿಯ ಹುಡುಗರೆಲ್ಲ ರೇಡಿಯೊ ಜೋಡಿಸಲು ಕೂತರು. ನನ್ನ ಮಗಳು ನೀರಿನ ಫಿಲ್ಟರು ಮಾಡುತ್ತೇನೆಂದಳು. ಬರೋಡಾಕ್ಕೆ ಹೋಗಲೇಬೇಕೆಂಬ ಹಟ ಅವಳದು. ಸುಳ್ಳೇಕೆ, ನನ್ನದೂ ಕೂಡ.

ಎಣ್ಣೆ ಡಬ್ಬ

ಗುಜರಾತಿನಲ್ಲಿ ಶೇಂಗಾ ಎಣ್ಣೆಯ ಖಾಲಿ ಡಬ್ಬವಿಲ್ಲದ ಮನೆಯಿಲ್ಲ. ಮಗಳು ಅಂಥದೊಂದರ ತಳಕ್ಕೆ ತೂತು ಹೊಡೆದು, ಕೆಳಗೆ ಜಲ್ಲಿ, ನಡುವೆ ಇದ್ದಿಲು, ಮೇಲೆ ಮರಳು ತುಂಬಿ, ಬಾಯಿಗೆ ಹಳೇ ಪಂಚೆಯ ತುಂಡು ಕಟ್ಟಿದಳು. ಮನೆಯವರೆಲ್ಲ ಸುತ್ತ ನಿಂತೆವು. ತೊಟ್ಟು ತೊಟ್ಟಾಗಿ ಮೊದಲ ಲೋಟ ತುಂಬಿತು. ನೀರಿನ ಮೇಲೆ ಎಣ್ಣೆ ಫಳಫಳ ಹೊಳೆಯುತ್ತಿತ್ತು.

ಅತ್ತೆ ಬಗ್ಗಿ ನೋಡಿದರು. "ಚೆನ್ನಾಗಿ ಬಂದಿದೆ ಕಣೇ. ನಾಲ್ಕು ಕಾಳು ಸಾಸಿವೆ ಸಿಡಿಸಿಬಿಟ್ಟರೆ ಸಾರು ಆಗೇ ಹೋಯಿತು!"

ಎಲ್ಲ ಹೊರಗೆ ಸುರಿದು ಡಬ್ಬಕ್ಕೆ ಸೀಗೆಪುಡಿ ಹಾಕಿ ಮೂರು ಸಲ ಉಜ್ಜಿದೆವು. ಆ ವರ್ಷ ನಮ್ಮ ಮನೆಯಲ್ಲಿ ಮೊದಲ ಅಭ್ಯಂಜನ ಆ ಡಬ್ಬದ್ದೇ.

ಮಡಿ ಇದ್ದಿಲು

ಎರಡನೆಯ ತಕರಾರೂ ಅತ್ತೆಯವರದೇ. ಇದ್ದಿಲು ಅನ್ನ ಬೇಯಿಸಿದ ಒಲೆಯದು, ಆದ್ದರಿಂದ ಮುಸುರೆ. ಅದರಲ್ಲಿ ಇಳಿದ ನೀರು ನಾನು ಮುಟ್ಟುವುದಿಲ್ಲ ಎಂದರು.

"ಅಜ್ಜೀ, ಬೆಂಕಿಯಲ್ಲಿ ಸುಟ್ಟ ಮೇಲೂ ಮುಸುರೆ ಉಳಿಯುತ್ತಾ?"

"ಸುಟ್ಟದ್ದು ಕಟ್ಟಿಗೆ ಕಣೇ, ಅನ್ನ ಅಲ್ಲ."

ಬಿ.ಎಸ್ಸಿ.ಯಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಹೊಸ ಇದ್ದಿಲು ತರಿಸಿ, ತೊಳೆದು, ತಾರಸಿಯ ಮೇಲೆ ಒಣಹಾಕಿದೆವು. ಅತ್ತೆ ಒದ್ದೆ ಸೀರೆಯುಟ್ಟು, ಕೈಯಲ್ಲಿ ಕೋಲು ಹಿಡಿದು ಕಾವಲು ಕೂತರು. ಯಜಮಾನರು ಆಫೀಸಿನಿಂದ ಬಂದವರು ಮೇಲೆ ಹತ್ತಿ, "ಇದೇನಮ್ಮಾ?" ಎಂದು ಕೈ ಚಾಚಿದರು.

"ದೂರ! ಇದ್ದಿಲು ಮಡಿಯಲ್ಲಿದೆ!"

ಅವರು ಮೆಲ್ಲಗೆ ಇಳಿದು ಬಂದು ನನಗೆ ಹೇಳಿದರು: "ಇದ್ದಿಲು ಮುಟ್ಟಿದರೆ ನಮ್ಮ ಕೈ ಕೊಳೆಯಾಗುತ್ತೆ ಅಂತ ಕೇಳಿದ್ದೆ. ನಾನು ಮುಟ್ಟಿದರೆ ಇದ್ದಿಲು ಕೊಳೆಯಾಗುತ್ತೆ ಅಂತ ಇವತ್ತು ತಿಳೀತು."

ಮೊಳಕೆ

ಮರಳು ಸಾಬರಮತಿಯದು. ಬೇಸಿಗೆಯಲ್ಲಿ ಆ ನದಿಯ ಒಣ ಪಾತ್ರದಲ್ಲಿ ಕರಬೂಜ ಬೆಳೆಯುತ್ತಾರೆ. ಒಂದು ವಾರವಾಗುವಷ್ಟರಲ್ಲಿ ಪಂಚೆಯ ಬಟ್ಟೆ ಒಂದು ಕಡೆ ಉಬ್ಬಿತು. ಬಿಚ್ಚಿದರೆ ಎರಡೆಲೆಯ ಮೊಳಕೆ! ಮಗಳು ಕೀಳಲು ಹೋದಳು. ಮೇಲಿನ ಮನೆಯ ಬೆನ್ (ಗುಜರಾತಿಯಲ್ಲಿ ಹಾಗೆಂದರೆ ಅಕ್ಕ) ಆ ಹೊತ್ತಿಗೆ ಬಂದರು. ಅವರು ಜೈನರು, ಇರುವೆಗೂ ದಾರಿ ಬಿಟ್ಟು ನಡೆಯುವವರು.

"ಅಯ್ಯೋ ಬೇಟಾ, ಅದಕ್ಕೆ ಜೀವ ಇಲ್ಲವಾ?"

ಮೊಳಕೆ ಕುಂಡಕ್ಕೆ ಹೋಯಿತು. ಅಂದಿನಿಂದ ಫಿಲ್ಟರಿನ ಬಟ್ಟೆಯ ಉಸ್ತುವಾರಿಯನ್ನು ಬೆನ್ ತಾವೇ ವಹಿಸಿಕೊಂಡರು. ಮಗಳು ವರದಿಯಲ್ಲಿ 'ಫಿಲ್ಟರಿನ ಇತರ ಉಪಯೋಗಗಳು' ಎಂದು ಒಂದು ತಲೆಬರಹ ಬರೆದಿದ್ದಳು. ನಾನೇ ಹೊಡೆದುಹಾಕಿಸಿದೆ.

ಹದಿನಾಲ್ಕು ದಿನದ ಲೆಕ್ಕ

ಆಮೇಲೆ ಪರೀಕ್ಷೆ. ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಒಂದು ಗುರುತು, ಅದರ ಮೇಲೆ ಗಾಜಿನ ಜಾಡಿ. ಎಷ್ಟು ಬೆರಳು ನೀರು ಹಾಕುವವರೆಗೆ ಗುರುತು ಕಾಣುತ್ತದೆ ಎಂದು ಅಳೆಯುವುದು. ನೀರು ಕೊಳೆಯಾದಷ್ಟೂ ಗುರುತು ಬೇಗ ಮರೆಯಾಗುತ್ತದೆ. ಡ್ರಮ್ಮಿನಲ್ಲಿ ಹಿಡಿದಿಟ್ಟ ನಲ್ಲಿ ನೀರು ಒಂದು ಸಲ, ಸೋಸಿದ ನೀರು ಒಂದು ಸಲ. ಹೀಗೆ ಹದಿನಾಲ್ಕು ದಿನ.

ಪ್ರೊಫೆಸರು ಲೆಕ್ಕ ನೋಡಿ ಹುಬ್ಬು ಗಂಟಿಕ್ಕಿದರಂತೆ. "ಸೋಸಿದ ನೀರು ಸರಿಯಾಗಿದೆ. ಆದರೆ ಡ್ರಮ್ಮಿನ ನೀರು ದಿನದಿನಕ್ಕೆ ಇಷ್ಟು ಕೆಡಲು ಹೇಗೆ ಸಾಧ್ಯ? ಮಳೆ ನಿಂತು ವಾರವಾಯಿತು. ಫಿಲ್ಟರು ಹೆಚ್ಚು ಚೆನ್ನಾಗಿ ಕಾಣಲಿ ಅಂತ ನೀನೇ ಮಣ್ಣು ಕಲಸಿದ್ದೀಯ. ಬರೋಡಾದ ಮಾತು ಮರೆತುಬಿಡು."

ಮಗಳು ಅಳುತ್ತಾ ಬಂದಳು. ನನಗೆ ಮೈಯೆಲ್ಲ ಉರಿಯಿತು. ನನ್ನ ಮಗಳು ಮೋಸ ಮಾಡುವುದೇ! ನೋಟುಬುಕ್ಕು ತೆಗೆದು ಕೂತೆ. ಹದಿನಾಲ್ಕು ದಿನವೂ ನನ್ನದೇ ದುಂಡನೆ ಅಕ್ಷರದಲ್ಲಿ ಒಂದೇ ಸಾಲು: 'ಏಳೂವರೆ. ಬೆನ್ ಬಂದರು. ಫಿಲ್ಟರಿನ ಬಟ್ಟೆ ಜಾಲಿಸಿ ಕಟ್ಟಿದರು. ಹೋದರು.' ಜಾಲಿಸಿದ ನೀರು ಎಲ್ಲಿಗೆ ಹೋಯಿತು ಎಂದು ಈ ಪದವೀಧರೆ ಒಂದು ದಿನವೂ ಕೇಳಿರಲಿಲ್ಲ.

ಮೇಲೆ ಹೋಗಿ ಕೇಳಿದೆ. ಬೆನ್ ಅವರಿಗೇ ಆಶ್ಚರ್ಯ. "ಎಲ್ಲಿಗೆ ಅಂದರೆ? ಬಟ್ಟೆಯಲ್ಲಿ ಸಿಕ್ಕ ಜೀವಗಳನ್ನು ಅವು ಬಂದ ನೀರಿಗೇ ಬಿಡಬೇಕಲ್ಲ. ನಲ್ಲಿಯೊಳಕ್ಕೆ ವಾಪಸ್ಸು ತುರುಕಲಿಕ್ಕಾಗುತ್ತದೆಯೇ? ನಿಮ್ಮ ಡ್ರಮ್ಮಿಗೆ ಬಿಟ್ಟೆ."

ಹದಿನಾಲ್ಕು ದಿನದ ಜೀವಗಳೂ ಅವುಗಳ ಜೊತೆಯ ಮಣ್ಣೂ ಡ್ರಮ್ಮಿನಲ್ಲಿ ಸಂಸಾರ ಹೂಡಿದ್ದವು.

ಮರುದಿನ ನೋಟುಬುಕ್ಕನ್ನೂ ಬೆನ್ ಅವರನ್ನೂ ಕರೆದುಕೊಂಡು ಕಾಲೇಜಿಗೆ ಹೋದೆ. ಪ್ರೊಫೆಸರು ಹದಿನಾಲ್ಕು ಸಾಲುಗಳನ್ನೂ ಓದಿದರು. ಬೆನ್ ಅವರತ್ತ ತಿರುಗಿ, "ನಮ್ಮ ತಾಯಿಯೂ ಹೀಗೇ ಬಿಡುತ್ತಿದ್ದರು" ಎಂದರು. ಆಮೇಲೆ ಮಗಳಿಗೆ: "ಡ್ರಮ್ಮು ಖಾಲಿ ಮಾಡಿ ಇನ್ನೊಂದು ವಾರ ಅಳೆ. ಅಲ್ಲಿಯವರೆಗೆ ಬಟ್ಟೆಗೆ ಬೆನ್ ಕೈ ಹಾಕಬಾರದು."

"ಡ್ರಮ್ಮು ಖಾಲಿ ಮಾಡಿ ಎಲ್ಲಿಗೆ ಸುರಿಯುತ್ತೀರಿ?" ಎಂದು ಬೆನ್ ಅಲ್ಲೇ ಕೇಳಿದರು. ಪ್ರೊಫೆಸರಿಗೆ ಬೇರೆ ತರಗತಿ ನೆನಪಾಯಿತು.

ವಾಪಸ್ಸು ಪ್ರಯಾಣ

ಹೊಸ ಲೆಕ್ಕ ಸರಿಹೋಯಿತು. ರೇಡಿಯೊಗಳೆಲ್ಲ ಗೊರಗೊರ ಎನ್ನುತ್ತಾ ಅಹಮದಾಬಾದಿನಲ್ಲೇ ಉಳಿದವು. ಮಗಳು, ನಾನು, ಬೆನ್, ಎಣ್ಣೆ ಡಬ್ಬ, ಒಂದು ಕೊಡ ಮಣಿನಗರದ ನೀರು ಬರೋಡಾಕ್ಕೆ ಹೊರಟೆವು. ಪ್ರದರ್ಶನದಲ್ಲಿ ತೀರ್ಪುಗಾರರೊಬ್ಬರು ಸೋಸಿದ ನೀರನ್ನು ಒಂದು ಲೋಟ ಕುಡಿದೇಬಿಟ್ಟರು. ಮಗಳಿಗೆ ಎರಡನೆಯ ಬಹುಮಾನ. ನಾನು ಅತ್ತದ್ದು ನೋಟುಬುಕ್ಕಿನಲ್ಲಿಲ್ಲ.

ಸಂಜೆ ಸಾಮಾನು ಕಟ್ಟುವಾಗ ಬೆನ್ ಬಟ್ಟೆ ಜಾಲಿಸಿ ಆ ನೀರನ್ನು ಒಂದು ಹಿತ್ತಾಳೆ ಚೊಂಬಿಗೆ ಹಿಡಿದರು.

"ಇಲ್ಲೇ ಎಲ್ಲಾದರೂ ಬಿಡಿ ಬೆನ್" ಎಂದೆ.

"ಮಣಿನಗರದ ಜೀವಗಳನ್ನು ಬರೋಡಾದಲ್ಲಿ ಬಿಡುವುದೇ? ಇಲ್ಲಿ ಅವಕ್ಕೆ ಯಾರಿದ್ದಾರೆ?"

ರೈಲಿನಲ್ಲಿ ಚೊಂಬನ್ನು ಮಡಿಲಲ್ಲಿಟ್ಟುಕೊಂಡು, ಅದರ ಬಾಯಿಗೆ ಅಂಗೈ ಮುಚ್ಚಿ ಕೂತರು. ಟಿಕೆಟ್ ಕಲೆಕ್ಟರು ಬಂದ. ನಮ್ಮ ಮೂರು ಟಿಕೆಟ್ ನೋಡಿ, ಚೊಂಬು ನೋಡಿ, "ಏನು ಬೆನ್, ಗಂಗಾಜಲವಾ?" ಎಂದ.

"ಅಲ್ಲ ಭಾಯಿ, ಮಣಿನಗರದವರು. ಬೆಳಿಗ್ಗೆ ನಮ್ಮ ಜೊತೆ ಬಂದಿದ್ದರು, ಈಗ ಮನೆಗೆ ಹೋಗುತ್ತಿದ್ದಾರೆ."

ಮಗಳು ಕಾರಣ ವಿವರಿಸಿದಳು. ಅವನು ಟೋಪಿ ಹಿಂದಕ್ಕೆ ಸರಿಸಿ, ಚೊಂಬಿನೊಳಗೆ ಇಣುಕಿ, ಬಹಳ ಗಂಭೀರವಾಗಿ ಕೇಳಿದ:

"ಎಷ್ಟು ಜನ?"

ಆ ದಿನದ ಪುಟದಲ್ಲಿ ಈಗಲೂ ಹೀಗಿದೆ: 'ಹೋಗುವಾಗ ಮೂವರು ಎಂದುಕೊಂಡಿದ್ದೆವು. ಬರುವಾಗ ಎಣಿಸಲಾಗಲಿಲ್ಲ. ಎಲ್ಲರೂ ಕ್ಷೇಮವಾಗಿ ಮಣಿನಗರದಲ್ಲಿ ಇಳಿದೆವು.'