ಕಾರಿಗೆ ಹಾಕಿದ ಬಿಡಿ ಹೊಲಿಗೆ

ಸೂಜಿ ಹಿಡಿದು ಹೊಟ್ಟೆ ಹೊರೆಯುವವರಲ್ಲಿ ದರ್ಜಿಗಳಿಗಿರುವ ವಿನಯ ನಮ್ಮಂಥ ಸರ್ಜನ್ನರಿಗಿಲ್ಲ. ಅಳತೆ ತಪ್ಪಿದರೆ ದರ್ಜಿಯ ಗಿರಾಕಿ ಎದುರು ನಿಂತು ಜಗಳ ತೆಗೆಯುತ್ತಾನೆ. ನಮ್ಮ ಗಿರಾಕಿ ಪ್ರಜ್ಞೆ ತಪ್ಪಿ ಮಲಗಿರುತ್ತಾನೆ. ಹೀಗೆ ಎದುರಾಡುವವರಿಲ್ಲದೆ ಬೆಳೆದ ಅಹಂಕಾರ ತೊಂಬತ್ತರ ದಶಕದ ಒಂದು ಭಾನುವಾರ ನನ್ನನ್ನು ಇಂಗ್ಲೆಂಡಿನ ಹ್ಯಾರೋದ ನಮ್ಮ ಮನೆಯೆದುರು, ನಮ್ಮದೇ ಹಳೆಯ ಕಾರಿನ ಪಕ್ಕದಲ್ಲಿ ಅಂಗಾತ ಮಲಗಿಸಿತು.

ಕಾರಿನ ಬಾಗಿಲ ಕೆಳಗಿನ ತಗಡಿನ ಪಟ್ಟಿ ತುಕ್ಕು ಹಿಡಿದು ಹಪ್ಪಳವಾಗಿತ್ತು. ವರ್ಷಕ್ಕೊಮ್ಮೆ ನಡೆಯುವ ಎಂಒಟಿ ತಪಾಸಣೆಯಲ್ಲಿ ಪಾಸಾಗದೆ ಕಾರು, ತಪಾಸಣೆಗೆ ಇಲ್ಲವೆ ರಿಪೇರಿಗೆ ಬಿಟ್ಟರೆ, ರಸ್ತೆಗಿಳಿಯುವಂತಿರಲಿಲ್ಲ. ಶುಕ್ರವಾರ ನನ್ನ ಹೆಂಡತಿ ಸುನಂದಾಳ ಮೂರನೆಯ ಡ್ರೈವಿಂಗ್ ಟೆಸ್ಟ್, ಅದೇ ಕಾರಿನಲ್ಲಿ. ಮೊದಲ ಸಲ ರೌಂಡಬೌಟಿನಲ್ಲಿ ಹೊರಬರುವ ದಾರಿ ಕಾಣದೆ ಮೂರು ಪ್ರದಕ್ಷಿಣೆ ಹಾಕಿ ಫೇಲಾಗಿದ್ದಳು. ಎರಡನೆಯ ಸಲ, ನಿಲ್ಲಿಸಿಟ್ಟಿದ್ದ ಖಾಲಿ ವ್ಯಾನಿಗೂ ದಾರಿ ಬಿಟ್ಟು ಕಾಯುತ್ತ ಕೂತಿದ್ದಳು. ವೆಂಬ್ಲಿಯ ಭಾರತೀಯ ಅಂಗಡಿಗಳಿಂದ ನುಗ್ಗೇಕಾಯಿ ತರಲೂ ನನ್ನ ಡ್ಯೂಟಿ ಮುಗಿಯುವುದನ್ನು ಕಾದು ಕಾದು ಅವಳಿಗೆ ಸಾಕಾಗಿತ್ತು. ಈ ಸಲ ತಪ್ಪಿದರೆ ಸ್ಟೇರಿಂಗ್ ಮುಟ್ಟುವುದಿಲ್ಲ ಎಂದಿದ್ದಳು.

"ಗ್ಯಾರೇಜಿಗೆ ಕೊಡ್ರಿ," ಎಂದಳು.

"ಕರುಳು ಹೊಲ್ಯೋ ಕೈಗೆ ತಗಡೇನ್ ದೊಡ್ಡದಲ್ಲ ಬಿಡು," ಎಂದೆ.

ಪಕ್ಕದ ಮನೆಯ ನಿವೃತ್ತ ಇಂಗ್ಲಿಷ್ ಮುದುಕರಿಂದ ವೆಲ್ಡಿಂಗ್ ಯಂತ್ರ ತಂದೆ. ತುಕ್ಕಿನ ಮೇಲೆಯೇ ಹೊಸ ತಗಡಿನ ತೇಪೆ ಇಟ್ಟೆ. ಸುತ್ತ ಒಂದೇ ಎಳೆಯಾಗಿ ಬೆಸೆಯುವ ಬದಲು ಇಂಚಿಗೊಂದು ಚುಕ್ಕೆ ಇಟ್ಟು ಬಿಟ್ಟೆ. ಅದು ನಮ್ಮ ಶಾಸ್ತ್ರದ ಬಿಡಿ ಹೊಲಿಗೆ. ಒಂದು ಬಿಚ್ಚಿದರೂ ಉಳಿದವು ಹಿಡಿದಿರುತ್ತವೆ, ನಡುವೆ ಕೀವು ಸೋರಿ ಹೋಗಲು ಜಾಗವೂ ಇರುತ್ತದೆ. ಕಾರಿಗೆ ಕೀವಾಗುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ನೋಡುತ್ತ ನಿಂತಿದ್ದ ಸುನಂದಾ, "ಕೊಳತದ್ದು ಕತ್ತರಿಸಿ ತಗೀಲಾರದ ಮ್ಯಾಲೆ ಹಚ್ಚಿದ್ರ ನಡೀತದೇನ್ರೀ?" ಎಂದು ಕೇಳಿದಳು. ಆಪರೇಷನ್ ಥಿಯೇಟರಿನಲ್ಲಿ ಯಾವ ಜೂನಿಯರ್ ಆದರೂ ಹಾಗೆ ಕೇಳಿದ್ದರೆ ಹೊರಗೆ ಕಳಿಸುತ್ತಿದ್ದೆ. ಇವಳನ್ನು ಚಹಾ ಮಾಡಲು ಕಳಿಸಿದೆ.

ಮಂಗಳವಾರ ತಪಾಸಣೆಯವನು ನನ್ನ ತೇಪೆಯ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿದ. ಅದು ಬೆಣ್ಣೆಗೆ ಇಳಿದಂತೆ ಒಳಗೆ ಇಳಿಯಿತು. ಬಿಡಿ ಹೊಲಿಗೆಯ ಮಹತ್ವವನ್ನು ಸಾವಧಾನವಾಗಿ ವಿವರಿಸಿದೆ. ಅವನು ಅಷ್ಟೇ ಸಾವಧಾನವಾಗಿ ಕೇಳಿ, ಫೇಲ್ ಎಂದು ಬರೆದುಕೊಟ್ಟ. ನಾನು ಯಾವ ಆಸ್ಪತ್ರೆಯಲ್ಲಿದ್ದೇನೆಂದು ವಿಚಾರಿಸಿದ, ಆ ಕಡೆ ಸುಳಿಯದಿರಲು ಇರಬೇಕು.

ಮರುದಿನ ನಾನು ಡ್ಯೂಟಿಯಲ್ಲಿದ್ದಾಗ ಸುನಂದಾ ಲೈಸೆನ್ಸಿದ್ದ ಆ ನೆರೆಮನೆಯ ಮುದುಕರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕಾರನ್ನು ತಾನೇ ವೆಂಬ್ಲಿಗೆ ಓಡಿಸಿದಳು. ಅಲ್ಲಿನ ಕಾಂತಿಭಾಯಿ ನೈರೋಬಿಯಿಂದ ಬಂದ ಗುಜರಾತಿ, ತಗಡಿನ ಕೆಲಸದಲ್ಲಿ ಕೂದಲು ನರೆತವರು. ನನ್ನ ತೇಪೆಯನ್ನೂ ಅದರ ಕೆಳಗಿನ ತುಕ್ಕನ್ನೂ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು, ಹೊಸ ತಗಡನ್ನು ಅಂಚಿಗೆ ಅಂಚು ಕೂರಿಸಿ ಬೆಸೆದರು. ಗುರುವಾರ ಕಾರು ಪಾಸಾಯಿತು, ಶುಕ್ರವಾರ ಸುನಂದಾ. ಸಂತೋಷಕ್ಕೆ ಅವಳು ಅತ್ತಳು. ನನಗೂ ಸಂತೋಷವೇ, ಆದರೆ ಒಳಗೆಲ್ಲೋ ಸ್ವಲ್ಪ ಉರಿಯುತ್ತಿತ್ತು.

ಶನಿವಾರ ಕಾಂತಿಭಾಯಿಗೆ ಪೇಡೆ ಕೊಡಲು ಹೋದೆವು. ಕಾರು ಓಡಿಸಿದವಳು ಅವಳೇ. ವರ್ಕ್‌ಶಾಪಿನ ಗೋಡೆಯ ಮೇಲೆ ನನ್ನ ತೇಪೆ ಮೊಳೆಗೆ ನೇತಾಡುತ್ತಿತ್ತು. ಗಿರಾಕಿಗಳಿಗೆ ತೋರಿಸಲು ಇಟ್ಟುಕೊಂಡಿದ್ದಾರಂತೆ. "ಈ ಕಾರನ್ನು ನಿಮಗೆ ಮಾರಿದವನೇ ಮಾಡಿದ್ದೆಂದು ಭಾಭೀಜಿ ಹೇಳಿದರು, ಅವನ ಕೆಲಸ ನೋಡಿ ಡಾಕ್ಟರ್ ಸಾಬ್," ಎಂದು ಹಿಂದಿಯಲ್ಲಿ ಹೇಳಿದರು. ನಾನು ಸುನಂದಾಳ ಕಡೆ ನೋಡಿದೆ. ಅವಳು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದಳು.

ನಿಜ ಹೇಳಲು ಅದು ಒಳ್ಳೆಯ ಸಮಯವಾಗಿತ್ತು. ನಾನು ತೇಪೆಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ, ಎಂಥ ಅಡ್ನಾಡಿ, ಎಂಥ ಬೇಜವಾಬ್ದಾರಿ ಮನುಷ್ಯ, ಇಂಥವನ ಕೈಗೆ ಸೂಜಿ ದಾರವನ್ನೂ ಕೊಡಬಾರದು ಎಂದು ಆ ಹಳೆಯ ಮಾಲೀಕನ ಜನ್ಮ ಜಾಲಾಡಿಬಿಟ್ಟೆ. ಕಾಂತಿಭಾಯಿಗೇ ಅವನ ಮೇಲೆ ಕರುಣೆ ಬಂದಂತೆ ಕಂಡಿತು.

ಸುನಂದಾ ಕ್ಯಾಲೆಂಡರಿನಿಂದ ಕಣ್ಣು ತೆಗೆಯದೆ ಕನ್ನಡದಲ್ಲಿ ಹೇಳಿದಳು: "ಸಾಕ್ ಬಿಡ್ರೀ, ಎಷ್ಟಂತ ಬೈತೀರಿ? ಪಾಪ, ಆ ಮನುಷ್ಯಾನೂ ಹೆಂಡ್ತಿ ಸಲುವಾಗೇ ಮಾಡಿದ್ದಾನು."